ಏರಿಳಿತವಿಲ್ಲದ ಗಂಡ

ಹೊಸಕೋಟೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವ ನನ್ನ ಗಂಡ ಬಾಯಿ ಬಿಟ್ಟರೆ ಬಸ್‌ಸ್ಟ್ಯಾಂಡಿನ ಮೈಕು. ಮದುವೆಗೂ ಅದೇ ದನಿ, ಸಾವಿಗೂ ಅದೇ ದನಿ. ಹಾಗಾಗಿ ನಮ್ಮ ಮನೆಯಲ್ಲಿ ವಾರಕ್ಕೊಂದಾದರೂ ಇಂಥದ್ದು ನಡೆಯುತ್ತಲೇ ಇರುತ್ತದೆ.

ರೋಗದ ಹೆಸರು

ಪಕ್ಕದ ಮನೆಯ ಇಂಗ್ಲಿಷ್ ಟೀಚರ್ ಹೇಳಿದರು, "ನಿನ್ನ ಗಂಡ ಮ್ಯಾಟರ್ ಆಫ್ ಫ್ಯಾಕ್ಟ್ ಕಣೇ."

ನಾನು ಓದಿದ್ದು ಹತ್ತನೇ ಕ್ಲಾಸು. "ಅದಕ್ಕೆ ಮಾತ್ರೆ ಇದ್ಯಾ ಮಿಸ್?" ಅಂದೆ.

"ರೋಗ ಅಲ್ಲ ಕಣೇ, ಗುಣ. ಅಳು, ನಗು ಏನೂ ಬೆರೆಸದೆ ಇದ್ದದ್ದನ್ನ ಇದ್ದ ಹಾಗೆ ಹೇಳೋದು. ಡಾಕ್ಟರು ರಿಪೋರ್ಟ್ ಓದಿ ಹೇಳ್ತಾರಲ್ಲ, ಹಾಗೆ."

"ಡಾಕ್ಟರಾದ್ರೆ ಫೀಸ್ ಕೊಟ್ಟು ಎದ್ದು ಬರಬಹುದು ಮಿಸ್."

ಹೆಣ್ಣು ನೋಡಿದ್ದು

ನನ್ನನ್ನು ನೋಡಲು ಬಂದ ದಿನ ನಮ್ಮಪ್ಪ, "ಏನಪ್ಪಾ, ಒಪ್ಪಿಗೆನಾ?" ಎಂದು ಕೇಳಿದರು.

"ಉಪ್ಪಿಟ್ಟಿಗೆ ಉಪ್ಪು ಕಮ್ಮಿ. ಹುಡುಗಿ ಒಪ್ಪಿಗೆ."

ಉಪ್ಪಿಟ್ಟು ಮಾಡಿದ್ದು ನಮ್ಮಮ್ಮ. ಇವತ್ತಿಗೂ ಅಳಿಯನ ತಟ್ಟೆಗೆ ಬೇರೆಯಾಗಿ ಉಪ್ಪು ಸುರಿಯುತ್ತಾಳೆ.

ಮಗಳು ಹುಟ್ಟಿದ್ದು

ಹೆರಿಗೆಯಾದ ಕೂಡಲೇ ಅವರು ತಮ್ಮ ತಾಯಿಗೆ ಫೋನ್ ಮಾಡಿದರು. "ಆಯ್ತು. ಹೆಣ್ಣು. ಮೂರನೇ ಮಹಡಿ. ಲಿಫ್ಟ್ ಕೆಟ್ಟಿದೆ."

ಅತ್ತೆ ಏದುಸಿರು ಬಿಡುತ್ತಾ ಬಂದು, "ಮಗು ಯಾರ ಥರ ಇದೆ ಅಂತ ಕೇಳೋದ್ರೊಳಗೆ ಫೋನೇ ಇಟ್ಟುಬಿಟ್ಟ" ಎಂದರು. ನಕ್ಕು ನಕ್ಕು ನನ್ನ ಹೊಲಿಗೆ ಎಳೆಯಿತು.

ಓಟಿಪಿ

ಬಾಣಂತನಕ್ಕೆ ಜಡಿಗೇನಹಳ್ಳಿಯ ತವರಿಗೆ ಬಂದೆ. ಐದು ತಿಂಗಳಾಗುವ ಹೊತ್ತಿಗೆ ಅವರ ಅಂಗಿಯ ಗ್ರೀಸ್ ವಾಸನೆಯೂ ಬೇಕೆನಿಸುತ್ತಿತ್ತು. ಒಗೆಯುವಾಗ ಬೈದುಕೊಳ್ಳುತ್ತಿದ್ದ ವಾಸನೆ. ಅವರ ಬಾಯಿಂದ ಒಂದೇ ಒಂದು ಮಾತು ಕೇಳಬೇಕಿತ್ತು.

ಒಂದು ಸಂಜೆ ಅವರ ಫೋನ್ ಬಂದಾಗ ನಾನೇ ಕೇಳಿದೆ, "ನಾನು ನೆನಪಾಗ್ತೀನಾ?"

"ಆಗ್ತೀಯ."

ಎದೆ ಹಿಗ್ಗಿತು.

"ಗ್ಯಾಸ್‌ನೋನು ಬಾಗಿಲಲ್ಲಿ ನಿಂತವ್ನೆ. ಓಟಿಪಿ ನಿನ್ನ ಫೋನಿಗೆ ಬಂದಿರುತ್ತೆ, ಹೇಳು."

ಬೇಕಂತಲೇ ಒಂದಂಕಿ ತಪ್ಪು ಹೇಳಿದೆ. ಮತ್ತೆ ಫೋನ್ ಮಾಡಲೇಬೇಕಲ್ಲ.

ಕರೆಯಲು ಬಂದದ್ದು

ನಮ್ಮ ಕಡೆ ಬಾಣಂತಿಯನ್ನು ಕಳಿಸಿ ಎಂದು ಗಂಡ ಬಾಯಿಬಿಟ್ಟು ಕೇಳುವಂತಿಲ್ಲ. ಹಿರಿಯರು ಬಂದು ಕರೆದೊಯ್ಯಬೇಕು. ಗಂಡನೇ ಕೇಳಿದರೆ ಊರೆಲ್ಲ ಆಡಿಕೊಳ್ಳುತ್ತದೆ. ಒಂದು ಭಾನುವಾರ ಇವರು ಮಗುವನ್ನು ನೋಡಲು ಬಂದಿದ್ದರು. ಜಗಲಿ ತುಂಬ ನೆಂಟರು. ಅಮ್ಮ, "ಏಳು ತಿಂಗಳು ತುಂಬಲಿ, ಕಳಿಸ್ತೀವಿ" ಎಂದಳು. ನಾನು ಒಳಗೆ ಮಗುವಿಗೆ ಹಾಲು ಕೊಡುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

ಆಗ ಆ ಮೈಕು ಶುರುವಾಯಿತು.

"ಅತ್ತೆ, ಬೆಳಿಗ್ಗೆ ಎದ್ದು ಎರಡು ಲೋಟ ಕಾಫಿ ಮಾಡ್ಬಿಡ್ತೀನಿ. ಒಂದು ಕುಡೀತೀನಿ. ಇನ್ನೊಂದು ಆರೋವರೆಗೂ ನೋಡ್ತೀನಿ. ಆಮೇಲೆ ಅದನ್ನೂ ಕುಡೀತೀನಿ. ಗ್ಯಾಸ್ಟ್ರಿಕ್ ಆಗಿದೆ. ಮನೇಲಿ ಇರಕ್ಕಾಗ್ತಿಲ್ಲ. ಕಳಿಸ್ಬಿಡಿ. ನೀರಿನ ಟ್ಯಾಂಕ್ ತೊಳೆದಿದ್ದೀನಿ."

ಜಗಲಿಯಲ್ಲಿ ಯಾರೂ ನಗಲಿಲ್ಲ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಸೀರೆ ಮಡಿಸಲು ಒಳಗೆ ಬಂದಳು.

ಅವರನ್ನು ಹಿತ್ತಿಲಿಗೆ ಕರೆದೆ. ನನ್ನ ಕಣ್ಣಲ್ಲಿ ನೀರು ನಿಲ್ಲುತ್ತಿರಲಿಲ್ಲ. "ಈಗ ಹೇಳಿದ್ರಲ್ಲ, ಅದನ್ನ ನನಗೊಬ್ಬಳಿಗೇ ಇನ್ನೊಂದ್ಸಲ ಹೇಳಿ" ಎಂದೆ.

ಸ್ವಲ್ಪ ಯೋಚಿಸಿ ಹೇಳಿದರು:

"ಟ್ಯಾಂಕ್ ತೊಳೆದಿದ್ದೀನಿ."