ಗುಂಡ್ಲುಪೇಟೆಯಿಂದ ಬಂದ ಕೂಲರ್

ಚಾಮರಾಜನಗರದ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ರಂಗಸ್ವಾಮಿ ತನ್ನದೆಂದು ಹೇಳಿಕೊಳ್ಳಲು ಇದ್ದದ್ದು ಒಂದು ಮೂಲೆ. ಮಿಕ್ಕಿದ್ದೆಲ್ಲ ಅವನ ಶ್ರೀಮತಿ ಸುಧಾಮಣಿಯವರ ಸಾಮ್ರಾಜ್ಯ. ಮೂಲೆಯಲ್ಲಿ ಒಂದು ಕಂಪ್ಯೂಟರು. ಕಾಲೇಜಿನ ಗುಮಾಸ್ತಿಕೆ ಮುಗಿಸಿ ಬಂದವನು ಅದರ ಮುಂದೆ ಕೂತು ಚೆಸ್ ಆಡುತ್ತಿದ್ದ, ಪ್ರತಿ ಸಂಜೆಯೂ ತಪ್ಪದೆ ಸೋಲುತ್ತಿದ್ದ. ಆದರೆ ಸೋಲಿಸಿದ ಮೇಲೆ ಆ ಯಂತ್ರ ಬಾಯಿ ಮುಚ್ಚಿಕೊಂಡಿರುತ್ತಿತ್ತು. (ಮನೆಯಲ್ಲಿ ಇನ್ನಾರಿಗೂ ಈ ಗುಣವಿರಲಿಲ್ಲ.) ಆ ಒಂದು ಗಂಟೆಯ ಆಸೆಯಿಂದಲೇ ಅವನು ಉಳಿದ ಹೊತ್ತನ್ನು ತಳ್ಳುತ್ತಿದ್ದ.

ಎರಡು ಸಾವಿರದ ಏಳರ ಬೇಸಿಗೆಯಲ್ಲಿ ಅದಕ್ಕೂ ಕಲ್ಲು ಬಿತ್ತು. ನಾಲ್ಕು ಕಾಯಿ ನಡೆಸುವಷ್ಟರಲ್ಲಿ ಕಂಪ್ಯೂಟರು ಆರಿಹೋಗತೊಡಗಿತು. ರಿಪೇರಿಯವನು ಡಬ್ಬ ಬಿಚ್ಚಿ, ಪ್ರೊಸೆಸರ್ ಕೆಂಡದಂತೆ ಕಾಯುತ್ತಿದೆ, ಅದರ ನೆತ್ತಿಯ ಮೇಲೆ ಕೂತು ತಣಿಸಬೇಕಾದ ಕೂಲರಿನ ಫ್ಯಾನು ಕೈಕೊಟ್ಟಿದೆ, ಬೇರೆಯದನ್ನು ಮೈಸೂರಿಂದ ತರಿಸೋಣ ಎಂದ. ದೊಡ್ಡದೇ ಹಾಕಿಸಿದರೆ ಇನ್ನೂ ಒಳ್ಳೆಯದು, ಆದರೆ ನಿಮ್ಮ ಡಬ್ಬದಲ್ಲಿ ಹಿಡಿಸುತ್ತೋ ಇಲ್ಲವೋ ಎಂದೂ ಸೇರಿಸಿದ. ಈ ಕೊನೆಯ ಮಾತೊಂದನ್ನು ಅವನು ನುಂಗಿಕೊಂಡಿದ್ದರೆ ರಂಗಸ್ವಾಮಿಯ ಬಾಳು ಹೇಗೋ ಸಾಗಿಹೋಗುತ್ತಿತ್ತು.

ಅಂಥ ದೊಡ್ಡ ಕೂಲರ್ ಅವನು ಕಂಡದ್ದು ಗುಂಡ್ಲುಪೇಟೆಯ ಅತ್ತೆ ಮನೆಯಲ್ಲಿ. ಅಲ್ಲಿ ಹೆಂಡತಿಯ ತಮ್ಮ ಮಹದೇವಪ್ರಸಾದ್ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಮಾಡಿಕೊಡುತ್ತಿದ್ದ. ರಂಗಸ್ವಾಮಿಗೆ ಉಪಾಯ ಹೊಳೆಯಿತು. ಊರಲ್ಲಿರುವವರಿಗೆ ಚಪ್ಪಲಿ ತರುವಾಗ ಪಾದದಳತೆಗೆ ಪೊರಕೆಕಡ್ಡಿ ಮುರಿದುಕೊಂಡು ಅಂಗಡಿಗೆ ಹೋಗುತ್ತೇವಲ್ಲ, ಹಾಗೆಯೇ ತನ್ನ ಡಬ್ಬದ ಒಳಗಿನ ಜಾಗವನ್ನು ಕಡ್ಡಿಯಲ್ಲಿ ಅಳೆದುಕೊಂಡ. ಅದನ್ನು ಬಾಮೈದನ ಕೂಲರಿಗೆ ಹಿಡಿದು ನೋಡಿ, ಹೊಂದಿದರೆ ಅಂಥದ್ದನ್ನೇ ಮೈಸೂರಿಂದ ತರಿಸಿದರಾಯಿತು!

"ಅಳ್ದು ಬರಕ್ಕೆ ಮಾತ್ರ ಹೋಗಿ. ನಮ್ಮವ್ವನ ಮುಂದೆ ಯಾವುದನ್ನೂ ಚೆಂದಾಗಿ ಅದೆ ಅನ್ಬೇಡಿ," ಎಂದಳು ಸುಧಾಮಣಿ.

ಈ ಎಚ್ಚರಿಕೆಗೆ ಕಾರಣವಿತ್ತು. ಅಳಿಯನ ಕಣ್ಣು ಯಾವುದರ ಮೇಲೆ ಬಿದ್ದರೂ ಅದನ್ನು ಅವನ ಕೈಗೆ ಕೊಟ್ಟು ಕಳಿಸದಿದ್ದರೆ ಮನೆತನಕ್ಕೇ ಕುಂದು ಎಂದು ನಂಬಿದವರು ಅತ್ತೆ ಪುಟ್ಟಸಿದ್ದಮ್ಮ. ಹಿಂದೊಮ್ಮೆ ಗಡಿಯಾರ ನೋಡಿ ಬಸ್ಸಿಗೆ ಹೊತ್ತಾಯಿತು ಎಂದಿದ್ದಕ್ಕೆ ಆ ಗಡಿಯಾರವೇ ಅವನ ಜೊತೆ ಬಸ್ಸು ಹತ್ತಿತ್ತು.

ತೆರಕಣಾಂಬಿಯ ಮೇಲೆ ಹಾದು ಗುಂಡ್ಲುಪೇಟೆ ಮುಟ್ಟಿ, ಊಟ ಮಾಡಿ, ರಂಗಸ್ವಾಮಿ ಮೆಲ್ಲಗೆ ಬಾಮೈದನ ಕಂಪ್ಯೂಟರು ಬಿಚ್ಚಿಸಿ ಕಡ್ಡಿ ಹಿಡಿದ. ಉದ್ದ ಸರಿ, ಅಗಲ ಸರಿ, ಮೇಲೆ ಒಂದು ಬೆರಳು ಜಾಗ ಬೇರೆ ಮಿಗುತ್ತಿತ್ತು. ಬಾಯಲ್ಲಿ ಒಂದಕ್ಷರ ಆಡಲಿಲ್ಲ. ಆದರೆ ಮುಖ ಅರಳಿದ್ದನ್ನು ತಡೆಯುವುದು ಅವನ ಕೈಲಿರಲಿಲ್ಲ, ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಅಳಿಯಂದ್ರು ಬಾಯ್ಬುಟ್ಟು ಕೇಳಾರ್ಲಾ? ಬಿಚ್ಕೊಡು," ಎಂದರು ಮಗನಿಗೆ.

ಮಹದೇವಪ್ರಸಾದ್ ಲಗ್ನದ ಕಾಲವೆಂದು ಗೊಣಗಿದ. ರಂಗಸ್ವಾಮಿ ಬೇಡವೇ ಬೇಡ ಎಂದ. ಅಳಿಯ ಬೇಡವೆನ್ನುವುದು ಸಂಕೋಚಕ್ಕೆ ಎಂದೇ ಆ ಮನೆಯಲ್ಲಿ ಲೆಕ್ಕ. ಅವನಾದರೂ ಗಟ್ಟಿಯಾಗಿ ಹೇಳಿದನೇ? ಇಲ್ಲ. ಎರಡನೇ ಸಲದ ‘ಬೇಡ’ ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

ಬಾಮೈದ ಕೂಲರಿನ ಕೊಕ್ಕೆ ಸಡಿಲಿಸಿ ಕೋಪದಿಂದ ಜಗ್ಗಿದ. ನಡುವೆ ಬಳಿದ ಅಂಟು ಒಣಗಿ ಹಿಡಿದುಕೊಂಡಿತ್ತೋ ಏನೋ, ಕೂಲರಿನ ಜೊತೆಗೆ ಪ್ರೊಸೆಸರೂ ಬೇರುಸಹಿತ ಕಿತ್ತು ಬಂತು. ಅದರ ಸೂಜಿಯಂಥ ಕಾಲುಗಳು ಅಡ್ಡಾದಿಡ್ಡಿ ಸೊಟ್ಟಗಾಗಿದ್ದವು. ಹೇಗಾದರೂ ಉಳಿಸಿಕೊಳ್ಳೋಣವೆಂದು ಮಹದೇವಪ್ರಸಾದ್ ಎರಡರ ಸಂದಿಗೆ ಉಗುರು ಹಾಕಿದ.

"ಅಂಟ್ಕಂಡಿರದ ಯಾಕೆ ಬುಡುಸ್ತೀಯ? ಅದ್ನೂ ತಕ್ಕಂಡೋಗ್ಲಿ ಬುಡ್ಲಾ," ಎನ್ನುತ್ತ ಪುಟ್ಟಸಿದ್ದಮ್ಮ ಎರಡನ್ನೂ ಒಂದು ಚಿಪ್ಪು ಬಾಳೆಹಣ್ಣಿನ ಜೊತೆ ಚೀಲಕ್ಕೆ ಹಾಕಿದರು.

ಮನೆಗೆ ಬಂದು ನೋಡಿದರೆ ಕೂಲರ್ ಡಬ್ಬದಲ್ಲಿ ಸೊಗಸಾಗಿ ಹಿಡಿಸಿತು. ಆದರೆ ನಿಲ್ಲಲಿಲ್ಲ. ಅದಕ್ಕಿದ್ದದ್ದು ಕೊಕ್ಕೆ, ಇವನ ಕಂಪ್ಯೂಟರಿನೊಳಗಿನ ಬೋರ್ಡಿಗೆ ಇದ್ದದ್ದು ನಾಲ್ಕು ತೂತು. ಪೊರಕೆಕಡ್ಡಿ ಜಾಗವನ್ನು ಅಳೆದಿತ್ತೇ ಹೊರತು ಯಾವುದು ಯಾವುದನ್ನು ಹಿಡಿದುಕೊಳ್ಳಬೇಕು ಎಂಬುದನ್ನು ನೋಡಿರಲಿಲ್ಲ. ರಂಗಸ್ವಾಮಿ ಆ ಸಂಜೆ ದೀಪ ಹಾಕದೆ ಮೂಲೆಯಲ್ಲಿ ಕೂತ. ಅಳು ಬರುವಂತಾಗಿತ್ತು. ಸುಧಾಮಣಿ ಎದುರಿಗೇ ಕೂತು ಬಾಳೆಹಣ್ಣು ಒಂದೊಂದಾಗಿ ಸುಲಿದು ತಿನ್ನುತ್ತಿದ್ದಳು, ಅದು ಬೈಗುಳಕ್ಕಿಂತ ಭಾರವಾಗಿತ್ತು.

ಆ ವಾರವೇ ಮಹದೇವಪ್ರಸಾದ್ ಬಂದಿಳಿದ. ಕೈಲಿ ಸಿ.ಡಿ.ಗಳ ಕಟ್ಟು, ಬಗಲಲ್ಲಿ ದಿಂಬು. ಒಪ್ಪಿಕೊಂಡ ಲಗ್ನಪತ್ರಿಕೆಗಳನ್ನೆಲ್ಲ ಅಕ್ಕನ ಮನೆಯ ಕಂಪ್ಯೂಟರಿನಲ್ಲಿ ಮುಗಿಸುವುದೆಂದು ಅವ್ವ, ಅಕ್ಕ ಸೇರಿ ಫೋನಿನಲ್ಲೇ ತೀರ್ಮಾನಿಸಿದ್ದರು. ಬಂದವನು ಡಬ್ಬದ ಪಕ್ಕದ ಹಲಗೆ ತೆಗೆದು ಒರಗಿಸಿ, ರಂಗಸ್ವಾಮಿಯ ಮಂಚದ ಬಳಿಯಿದ್ದ ಟೇಬಲ್ ಫ್ಯಾನನ್ನು ತಂದು ಅದರ ಹೊಟ್ಟೆಗೆ ತಿರುಗಿಸಿದ. ಕಂಪ್ಯೂಟರು ಬೆಳಗಿನಿಂದ ಸಂಜೆಯವರೆಗೆ ಒಮ್ಮೆಯೂ ಆರಲಿಲ್ಲ.

ಬೆವರುತ್ತ ಜಗುಲಿಯಲ್ಲಿ ಕೂತ ರಂಗಸ್ವಾಮಿ, ನಿನ್ನ ತಮ್ಮ ಊರಿಗೆ ಹೋಗುವುದು ಯಾವಾಗ ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದ.

"ಅಲ್ಲೋಗಿ ಏನ್ ಮಾಡಾನು? ಅವನ ಮಿಶೀನ್ ಜೀವಾನ ನೀವು ಚೀಲ್ದಲ್ಲಿ ಹಾಕ್ಕೊಂಡು ಬಂದ್ರಲ್ಲ," ಎಂದಳು ಸುಧಾಮಣಿ.

ಕತ್ತಲಾಗುವ ಹೊತ್ತಿಗೆ ರಂಗಸ್ವಾಮಿ, ಒಂದೇ ಒಂದು ಆಟ ಕೇಳಿ ನೋಡೋಣ ಎಂದು ಒಳಗೆ ಹೋಗಿ ಬಾಮೈದನ ಬೆನ್ನ ಹಿಂದೆ ನಿಂತ. ಮಹದೇವಪ್ರಸಾದ್ ತೆರೆಯಿಂದ ಕಣ್ಣು ತೆಗೆಯಲಿಲ್ಲ. ಮರ್ಯಾದೆಗೇನೂ ಕಡಿಮೆ ಮಾಡಲಿಲ್ಲ.

"ಭಾವ, ವಸಿ ಪಕ್ಕಕ್ಕೆ ಬನ್ನಿ. ಡಬ್ಬಕ್ಕೆ ಗಾಳಿ ತಡೀತಾ ಇದೀರಿ."

ರಂಗಸ್ವಾಮಿ ಪಕ್ಕಕ್ಕೆ ಸರಿದು ನಿಂತ.