ಏನೂ ಇಲ್ಲದವರಿಗೆ ಎಂಟು ಮಣಿ ಕೂರಿಸಿದವನ ಅಹವಾಲು

ಮಾನ್ಯ ಖಾಲಿ ಬ್ರೈಲ್ ಚಿಹ್ನೆಯವರೇ,

ಕಂಪ್ಯೂಟರಿನ ಅಕ್ಷರಪಟ್ಟಿಯಲ್ಲಿ 2800 ಎಂಬ ಪೀಠವನ್ನು ಅಲಂಕರಿಸಿ, ಇನ್ನೂರ ಐವತ್ತಾರು ಬ್ರೈಲ್ ಚಿಹ್ನೆಗಳ ಸಾಲಿಗೆ ಮೊದಲಿಗರಾಗಿ, ಮೈಮೇಲೆ ಒಂದು ಚುಕ್ಕಿಯೂ ಇಲ್ಲದೆ ವಿರಾಜಮಾನರಾಗಿರುವ ತಮಗೆ, ಐದನೇ ತರಗತಿಗೇ ಶಾಲೆಗೆ ಕೈಮುಗಿದು ಬಂದು ನಲವತ್ತೆರಡು ವರ್ಷದಿಂದ ಬಾಗಿಲ ಬೋರ್ಡು ಮಾಡಿಕೊಂಡಿರುವ ಈ ಮುದುಕನ ಸವಿನಯ ನಮಸ್ಕಾರಗಳು. ತಾವು ಕ್ಷೇಮವಾಗಿಯೇ ಇರುತ್ತೀರಿ. ಏನೂ ಇಲ್ಲದವರಿಗೆ ಆಗುವುದಾದರೂ ಏನು?

ನನ್ನ ತಂಗಿ ಪಿಟೀಲು ಕಲಿಸುತ್ತಾಳೆ. ಹುಟ್ಟಿನಿಂದ ಕಣ್ಣು ಕಾಣದು, ಆದರೆ ದಾರಿ ತೋರಿಸಲು ಯಾರಾದರೂ ಮೊಣಕೈ ಹಿಡಿದರೆ ಕೆಂಡವಾಗುತ್ತಾಳೆ. ಅವಳ ಸಂಗೀತ ಶಾಲೆ ಹೊಸ ಕಟ್ಟಡಕ್ಕೆ ಬಂದಾಗ, ಎರಡನೇ ಮಹಡಿಯ ಹನ್ನೊಂದು ಬಾಗಿಲುಗಳಲ್ಲಿ ತನ್ನದನ್ನು ಸೋಮವಾರ ತಾನೇ ಹುಡುಕಿಕೊಳ್ಳದಿದ್ದರೆ ಕೆಳಗಿನ ಸಾಮಾನು ಕೋಣೆಯಲ್ಲೇ ಪಾಠ ಮಾಡಬೇಕೆಂದು ಮುಖ್ಯಸ್ಥೆ ಬಹಳ ಮೃದುವಾಗಿ ತಿಳಿಸಿದ್ದರು. ಆದ್ದರಿಂದ ಬ್ರೈಲ್ ಬೋರ್ಡುಗಳ ಕೆಲಸ ನನ್ನ ತಲೆಗೆ ಬಂತು.

ಶಾಲೆಯ ಗುಮಾಸ್ತರು ಹೆಸರುಗಳನ್ನು ಕಂಪ್ಯೂಟರಿನಲ್ಲೇ ಬ್ರೈಲಿಗೆ ತಿರುಗಿಸಿ ಕಳಿಸಿದರು. ನನ್ನ ಕೊರೆಯುವ ಯಂತ್ರದ ಪರದೆಯ ಮೇಲೆ ಪ್ರತಿ ಚಿಹ್ನೆಗೂ ಎಂಟು ಜಾಗ: ಚುಕ್ಕಿ ಇದ್ದಲ್ಲಿ ಕಪ್ಪು ಬೊಟ್ಟು, ಇಲ್ಲದಲ್ಲಿ ಟೊಳ್ಳು ಉಂಗುರ. ಪದಗಳ ನಡುವೆ ತಾವು ಎಂಟೂ ಉಂಗುರ ತೊಟ್ಟು ಮದುಮಗನಂತೆ ಕುಳಿತಿದ್ದಿರಿ. ಉಂಗುರವೆಂದರೆ 'ಇಲ್ಲಿ ಏನೂ ಇಲ್ಲ' ಎಂದು ಅರ್ಥವಂತೆ, ಆಮೇಲೆ ತಿಳಿಯಿತು. ಏನೂ ಇಲ್ಲ ಎನ್ನುವುದಕ್ಕೆ ಇಷ್ಟೊಂದು ಒಡವೆಯೇ ಸ್ವಾಮಿ? ನಾನು ಅದನ್ನೂ ಒಂದು ಅಲಂಕಾರ ಎಂದುಕೊಂಡೆ. ಯಂತ್ರ ಬೊಟ್ಟು, ಉಂಗುರ ಎಲ್ಲದಕ್ಕೂ ತೂತು ಕೊರೆಯಿತು. ತೂತು ಬಿದ್ದ ಮೇಲೆ, ಬೆರಳಿಗೆ ಚುಕ್ಕಿಯಾಗಿ ತಾಕುವ ಮಣಿ ಕೂರಿಸದೆ ಬಿಡುವ ಸೋಮಾರಿ ನಾನಲ್ಲವಾದ್ದರಿಂದ, ಮೂರು ದಿನ ಸೊಂಟ ಬಗ್ಗಿಸಿ ಒಂದನ್ನೂ ಬಿಡದೆ ಕೂರಿಸಿದೆ.

ಶನಿವಾರ ತಂಗಿ ಮೊದಲ ಬೋರ್ಡಿನ ಮೇಲೆ ಬೆರಳಾಡಿಸಿದಳು, ಎರಡನೆಯದಕ್ಕೆ ಹೋದಳು, ಹನ್ನೊಂದನ್ನೂ ಮುಗಿಸಿದಳು.

"ಅಣ್ಣಾ, ಇವೇನು ಬೋರ್ಡಾ, ತುರಿಯೋ ಮಣೆಯಾ? ಎಲ್ಲಾ ಬಾಗಿಲಿಗೂ ಒಂದೇ ಹೊಡೆದಿದ್ದೀಯಲ್ಲ."

ನನಗೆ ಸಿಟ್ಟು ನೆತ್ತಿಗೇರಿ, ನಿನ್ನ ಬೆರಳಿಗೇ ವಯಸ್ಸಾಗಿದೆ ಎಂದುಬಿಟ್ಟೆ. ಅವಳು ನನ್ನ ಹೆಬ್ಬೆರಳು ಹಿಡಿದು ಅದೇ ಮಣಿಗಳ ಮೇಲೆ ಎಳೆದಳು. ಕಣ್ಣು ಮುಚ್ಚಿ ನೋಡಿದೆ. ಅವಳ ಕೋಣೆಗೂ ಗಂಡಸರ ಶೌಚಾಲಯಕ್ಕೂ ಇರುವ ವ್ಯತ್ಯಾಸ ನನಗೂ ತಿಳಿಯಲಿಲ್ಲ. ಆಡಿದ ಮಾತು ವಾಪಸು ನುಂಗಲು ಬರುವುದಿಲ್ಲ ನೋಡಿ; ಆ ವಿದ್ಯೆ ತಮಗೇನಾದರೂ ತಿಳಿದಿದ್ದರೆ ದಯಮಾಡಿ ಬರೆದು ಕಳಿಸಬೇಕು.

ತಮ್ಮ ಇತರ ಪ್ರತಿಭೆಗಳನ್ನು ಗುಮಾಸ್ತರು ಆಮೇಲೆ ವರ್ಣಿಸಿದರು. ಫೋನಿನಲ್ಲಿ ಜನ ತಮ್ಮನ್ನು ಬಳಸಿ ಖಾಲಿ ಸಂದೇಶ ಕಳಿಸುತ್ತಾರಂತೆ, ಕಾಣದ ಹೆಸರು ಇಟ್ಟುಕೊಳ್ಳುತ್ತಾರಂತೆ, ತಮ್ಮ ಬಂಧುಗಳಾದ ಮಿಕ್ಕ ಚಿಹ್ನೆಗಳನ್ನು ಒತ್ತೊತ್ತಾಗಿ ಜೋಡಿಸಿ ಬೆಕ್ಕಿನ ಚಿತ್ರ ಬಿಡಿಸುತ್ತಾರಂತೆ. ಬೆರಳಿನಿಂದ ಓದುವವರನ್ನು ಬಿಟ್ಟು ಮಿಕ್ಕೆಲ್ಲರಿಗೂ ಇಷ್ಟು ಉಪಕಾರ ಮಾಡುತ್ತಿರುವ ತಮಗೆ ಯಾವ ಬಿರುದು ಕೊಟ್ಟರೂ ಕಡಿಮೆಯೇ.

ಭಾನುವಾರ ತಂಗಿ ನನ್ನ ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು, ಒಂದು, ಎರಡು, ಐದು ಎಂದು ಚುಕ್ಕಿಯ ಜಾಗ ಹೇಳುತ್ತ ಹೋದಳು. ನಾನು ಹೊಸ ಹಲಗೆಗಳಲ್ಲಿ ಅವಳು ಹೇಳಿದಲ್ಲಿ ಮಾತ್ರ ಕೊರೆದು ಮಣಿ ಕೂರಿಸಿದೆ. ಬೆರಳಿನ ಮಾತು ತಪ್ಪಾಯಿತು ಎಂದು ಹೇಳಲು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಮುಂದಿನ ಚುಕ್ಕಿ ಯಾವುದು ಎಂದೇ ಕೇಳಿದೆ.

ಸೋಮವಾರ ಮುಖ್ಯಸ್ಥೆಯೂ ನಾನೂ ಮೆಟ್ಟಿಲ ಬಳಿ ನಿಂತೆವು. ತಂಗಿ ಒಂದೊಂದೇ ಬಾಗಿಲು ಸವರುತ್ತ ಹೋಗಿ ಏಳನೆಯದರಲ್ಲಿ ನಿಂತಳು, ಬೋರ್ಡನ್ನು ಇನ್ನೊಮ್ಮೆ ನಿಧಾನವಾಗಿ ಓದಿದಳು, ಬಾಗಿಲು ತೆರೆದಳು. ನಾನು ಪಿಟೀಲಿನ ಪೆಟ್ಟಿಗೆ ಹಿಡಿದು ಹಿಂದೆಯೇ ಓಡಿದೆ. ಪೆಟ್ಟಿಗೆ ತೆಗೆದುಕೊಂಡು, "ಬೆರಳಿಗೇನೂ ವಯಸ್ಸಾಗಿಲ್ಲ, ಮನೆಗೆ ಹೋಗಣ್ಣ" ಎಂದು ನನ್ನ ಮೂಗಿನ ಮೇಲೇ ಬಾಗಿಲು ಹಾಕಿದಳು. ಅಷ್ಟು ಚೆಂದವಾಗಿ ಯಾರೂ ನನ್ನನ್ನು ಆಚೆ ಹಾಕಿರಲಿಲ್ಲ.

ಇಂತು, ಇಷ್ಟಾದರೂ ತಮ್ಮ ವಿಶ್ವಾಸಿ ಎಂದೇ ಸಹಿ ಹಾಕುತ್ತಿರುವ,
ಬೋರ್ಡಿನ ಮುದುಕ

ತಾ.ಕ.: ಹೊಸ ಬೋರ್ಡುಗಳಲ್ಲಿ ಪದಗಳ ನಡುವೆ ಬರೀ ಹಲಗೆ ಬಿಟ್ಟಿದ್ದೇನೆ. ತಾವು ಇಲ್ಲವೆಂದು ಈವರೆಗೆ ಒಬ್ಬರೂ ದೂರಿಲ್ಲ. ಉತ್ತರ ಬರೆಯುವುದಾದರೆ ಖಾಲಿ ಕಾಗದ ಕಳಿಸಿದರೂ ಸಾಕು, ಉಂಗುರ ಮಾತ್ರ ಬೇಡ.