ಚಪ್ಪಾಳೆ ತಟ್ಟದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ಎರಡು ಕೈಗಳಿವೆ, ಸಂಶಯ ಬೇಡ. ಆದರೆ ಹಾಕಿ ಮೈದಾನದಲ್ಲಿ ಅವು ಒಂದನ್ನೊಂದು ಮುಟ್ಟಿದ್ದನ್ನು ಇಡೀ ಕೊಡಗಿನಲ್ಲಿ ಯಾರೂ ಕಂಡಿಲ್ಲ! ಗೋಲಾದರೆ ಊರೆಲ್ಲ ಎದ್ದು ಕುಣಿಯುತ್ತದೆ, ಇವರು ಪೆನ್ನಿನ ಮುಚ್ಚಳ ತೆಗೆಯುತ್ತಾರೆ. ಮಡಿಕೇರಿಯ ಒಂದು ದಿನಪತ್ರಿಕೆಯ ಕ್ರೀಡಾ ವರದಿಗಾರರು. "ಚಪ್ಪಾಳೆ ತಟ್ಬೇಕಾ? ಗ್ಯಾಲರಿಗೆ ಹೋಗು ಮಾರಾಯ. ಪತ್ರಿಕೆಯವರ ಮೇಜಲ್ಲಿ ಕೈ ಇರೋದು ಬರೆಯೋಕೆ" ಎನ್ನುತ್ತಾರೆ.

ಬೇರೆ ಕಡೆಯಾದರೆ ಇದೇನೂ ದೊಡ್ಡ ಸಂಗತಿಯಲ್ಲ. ನಮ್ಮಲ್ಲಿ ಬೇಸಿಗೆ ಬಂತೆಂದರೆ ಮನೆತನ ಮನೆತನಗಳ ಮಧ್ಯೆಯೇ ಹಾಕಿ. ಒಂದೊಂದು ಮನೆತನಕ್ಕೂ ಒಂದು ತಂಡ. ಅಜ್ಜನೂ ಆಡಬಹುದು, ಮೊಮ್ಮಗಳೂ ಆಡಬಹುದು. ಸ್ವಂತ ಮನೆತನದ ಆಟವನ್ನು ಯಾರದೋ ಆಟದಂತೆ ನೋಡಿ ಬರೆಯುವುದೆಂದರೆ ಸಾಮಾನ್ಯವೇ? ಒಮ್ಮೆ ನಾವು ಗೆದ್ದಾಗ "ಎದುರಾಳಿಗಳ ದಣಿವು ಇವರ ಕೈಹಿಡಿಯಿತು" ಎಂದು ಬರೆದರು. ದೊಡ್ಡಪ್ಪ ಸಿಟ್ಟಿಗೆದ್ದು ಕುಟುಂಬದ ವಾಟ್ಸಾಪ್ ಗುಂಪಿನಿಂದ ಅವರನ್ನು ತೆಗೆದೇ ಹಾಕಿದರು. "ಒಳ್ಳೇದಾಯ್ತು, ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವು ನೋಡೋದು ತಪ್ಪಿತು" ಎಂದರು ಚಿಕ್ಕಪ್ಪ.

ಈ ನಿಷ್ಪಕ್ಷಪಾತದ ಚಟ ಮೈದಾನಕ್ಕೇ ನಿಂತಿದ್ದರೆ ಸರಿ. ಒಂದು ಮದುವೆಯಲ್ಲಿ ಹುಡುಗಿಯ ಅಪ್ಪ ಕೈಜೋಡಿಸಿ, "ಊಟ ಹೇಗಿತ್ತು?" ಎಂದು ಕೇಳಿದರು. ಚಿಕ್ಕಪ್ಪ ಯೋಚಿಸಿ, "ಮೊದಲಾರ್ಧದಲ್ಲಿ ಹಂದಿ ಮಾಂಸ ಮಿಂಚಿತು. ಪಾಯಸ ಬರೋ ಹೊತ್ತಿಗೆ ಬಡಿಸುವವರು ಹಿಡಿತ ಕಳ್ಕೊಂಡ್ರು" ಎಂದರು. ಚಿಕ್ಕಮ್ಮ ಅವರ ತೋಳು ಹಿಡಿದು ಎಳೆದುಕೊಂಡೇ ಹೋದರು.

ನನಗೋ ಒಂದೇ ಕುತೂಹಲ. ಇವರೊಳಗಿನ ಅಭಿಮಾನ ಎಲ್ಲಿ ಹೋಗುತ್ತದೆ? ಹುಟ್ಟಿಯೇ ಇಲ್ಲವೋ, ಎಲ್ಲಾದರೂ ಬಚ್ಚಿಟ್ಟಿದ್ದಾರೋ? ಪತ್ತೆ ಮಾಡಲೇಬೇಕೆಂದು ಒಂದು ಪಂದ್ಯದಲ್ಲಿ ಅವರ ಪಕ್ಕದಲ್ಲೇ ಕೂತೆ. ಮುಖ ನೋಡಿದರೆ ಏನೂ ಇಲ್ಲ. ಮೆಲ್ಲನೆ ಮೇಜಿನ ಕೆಳಗೆ ಬಗ್ಗಿದೆ. ಅಬ್ಬಬ್ಬಾ! ನಮ್ಮವರು ಚೆಂಡು ಮುಟ್ಟಿದಾಗೆಲ್ಲ ಕಾಲ್ಬೆರಳುಗಳು ಚಪ್ಪಲಿಯನ್ನು ಹಿಂಡಿ ಹಿಪ್ಪೆ ಮಾಡುತ್ತಿದ್ದವು. ನಮಗೊಂದು ಗೋಲು ಸಿಕ್ಕಿತು, ಚಪ್ಪಲಿಯ ಉಂಗುಷ್ಠ ಕಿತ್ತೇ ಹೋಯಿತು. ಬಸ್‌ಸ್ಟ್ಯಾಂಡಿನ ಬಳಿ ಚಪ್ಪಲಿ ಹೊಲಿಯುವವರು ನಮ್ಮ ಪಂದ್ಯದ ಫಲಿತಾಂಶ ಯಾರನ್ನೂ ಕೇಳುವುದಿಲ್ಲವಂತೆ!

ಈ ವರ್ಷ ಚಿಕ್ಕಪ್ಪನ ಮಗಳೇ ನಮ್ಮ ಗೋಲ್‌ಕೀಪರ್. ಮೊದಲ ಸಲ ಆಡುತ್ತಿದ್ದಾಳೆ. "ಅಣ್ಣಾ, ಅಪ್ಪ ನನ್ನ ಹೆಸರು ಪೇಪರಲ್ಲಿ ಬರೀತಾರಾ? ಒಂದೇ ಒಂದು ಒಳ್ಳೆ ಮಾತು ಸಾಕು" ಎಂದು ನನ್ನ ಬಳಿ ಗುಟ್ಟಾಗಿ ಕೇಳಿದ್ದಳು. ನಾನೇನು ಹೇಳಲಿ? ಕೋಲೆಬಸವನಿಗಿಂತ ಜೋರಾಗಿ ತಲೆಯಾಡಿಸಿದೆ.

ಎದುರಿಗೆ ಕುಟ್ಟ ಊರಿನ ಕಡೆಯ ಒಂದು ಮನೆತನದ ತಂಡ. ನಮ್ಮ ಹುಡುಗಿ ಒಂದು ಚೆಂಡನ್ನು ಎಡಗಾಲು ಚಾಚಿ ತಡೆದಾಗ ಗ್ಯಾಲರಿಯೇ ಕಿರುಚಿತು. ಕೊನೆಗಳಿಗೆಯಲ್ಲಿ ಮೂವರು ಒಟ್ಟಿಗೆ ನುಗ್ಗಿದರು. ಇವಳು ತಡೆಯಲು ಮುಂದೆ ಓಡಿ ಬಂದಳು, ಚೆಂಡು ಪಕ್ಕದಿಂದ ಒಳಗೆ ಹೋಯಿತು. ಸೋತೆವು. ಚಿಕ್ಕಪ್ಪ ಕಚೇರಿಗೆ ಹೋಗಿ ವರದಿ ಬರೆದು ಬಂದರು.

ಮರುದಿನ ಬೆಳಿಗ್ಗೆ ಗಾಳಿಬೀಡಿನ ಅವರ ಮನೆಯಲ್ಲೇ ಇದ್ದೆ. ನೋಡುತ್ತೇನೆ, ಪೇಪರನ್ನು ಕಂಕುಳಲ್ಲಿ ಒತ್ತಿಕೊಂಡು ಚಿಕ್ಕಪ್ಪ ಗೇಟಿನ ಬಳಿಯೇ ನಿಂತಿದ್ದಾರೆ! ಒಳಗೆ ಬರುವ ಧೈರ್ಯವಿಲ್ಲ.

"ಅಪ್ಪಾ, ಕೊಡು" ಎಂದು ಮಗಳೇ ಹೋಗಿ ಎಳೆದುಕೊಂಡಳು. ಅವಳ ಹೆಸರಿತ್ತು. ಮುಂದೆ ಹೀಗಿತ್ತು: "ಗೋಲ್‌ಕೀಪರ್ ಅವಸರಪಟ್ಟು ಮುಂದೆ ಬಂದದ್ದೇ ಸೋಲಿಗೆ ಕಾರಣ."

"ಸ್ವಂತ ಮಗಳನ್ನೂ ಬಿಡ್ಲಿಲ್ವಲ್ಲಾ!" ಎಂದು ಚಿಕ್ಕಮ್ಮ ಒಳಗಿನಿಂದ ಕೂಗಿದರು.

ಮಗಳು ತಲೆ ತಗ್ಗಿಸಿದಳು. "ಸರಿಯಾಗೇ ಬರ್ದಿದ್ದಿ ಅಪ್ಪಾ. ನಾನು ಬೇಗ ಬಂದೆ."

"ಎಂಥ ಸರಿ?" ಚಿಕ್ಕಪ್ಪ ಸಿಡಿದರು. "ಮೂರು ಜನ ನುಗ್ಗುವಾಗ ಮುಂದೆ ಬರದೆ ನಿಂತು ನೋಡ್ಬೇಕಿತ್ತಾ? ಹಿಂದೆ ಕಾಯ್ಬೇಕಾದ ನಮ್ಮ ಬ್ಯಾಕ್‌ಗಳೆಲ್ಲ ಎಲ್ಲಿ ಸತ್ತಿದ್ರು? ಆ ಅಂಪೈರಿಗೆ ಕಣ್ಣಿತ್ತಾ? ಅದಕ್ಕೆ ಮೊದ್ಲು ಎಡಗಾಲಲ್ಲಿ ತಡೆದಿಯಲ್ಲಾ ಮಗಾ... ಅಯ್ಯೋ, ನನ್ನ ಉಸಿರೇ ನಿಂತುಹೋಗಿತ್ತು!"

"ಮತ್ಯಾಕೆ ಹೀಗೆ ಬರ್ದೆ?"

"ಅದು ವರದಿಗಾರ ಬರ್ದಿದ್ದು" ಎಂದರು ಚಿಕ್ಕಪ್ಪ. "ಅವನಿಗೆ ಮಗಳಿಲ್ಲ."

ಅವಳು ಅಳುತ್ತಲೇ ನಕ್ಕಳು. "ಆ ಎಡಗಾಲಿಂದು ಇನ್ನೊಂದ್ಸಲ ಹೇಳಪ್ಪಾ" ಎಂದಳು.

ಹೇಳುವುದೇನು, ಅಂಗಳದಲ್ಲೇ ಎಡಗಾಲು ಚಾಚಿ ತೋರಿಸಿದರು. ಚಪ್ಪಲಿ ಹಾರಿ ಕಾಫಿ ಗಿಡದೊಳಗೆ ಬಿತ್ತು. ಚಿಕ್ಕಪ್ಪನಿಗೆ ಅದರ ಗೊಡವೆಯೇ ಇಲ್ಲ, ಅವರು ಚಪ್ಪಾಳೆ ತಟ್ಟುತ್ತಿದ್ದರು.